ಬಟ್ಟಲಿಗೆ ಬಿದ್ದ ನಾಣ್ಯ ಯಾವ ಖಾತೆಗೆ?

ನಮ್ಮ ಬೀದರ ಜಿಲ್ಲೆಯ ಮಕ್ಕಳಿಗೆ ಸಮುದ್ರವೆಂದರೆ ಭೂಗೋಳ ಪುಸ್ತಕದ ನೀಲಿ ಬಣ್ಣ. ಬೇಮಳಖೇಡದಲ್ಲಿ ಕೆಂಪು ಮಣ್ಣಿದೆ, ಕರಿ ಮಣ್ಣಿದೆ, ತೊಗರಿ ಇದೆ, ಕಬ್ಬು ಇದೆ. ನೀರು ಎಂದರೆ ಬಾವಿ, ಬೋರು. ಬಹಳ ದೊಡ್ಡ ನೀರು ನೋಡಬೇಕೆಂದರೆ ಕಾರಂಜಾ ಡ್ಯಾಂ. ನಮ್ಮ ರಾಜ್ಯಕ್ಕೆ ಉದ್ದನೆಯ ಕಡಲ ದಂಡೆ ಇದೆಯಾದರೂ ನಮಗೆ ಮಂಗಳೂರಿಗಿಂತ ಮುಂಬಯಿಯೇ ಹತ್ತಿರ. ಬೀದರದಲ್ಲಿ ರಾತ್ರಿ ರೈಲು ಹತ್ತಿದರೆ ಉದಗೀರ, ಲಾತೂರ, ಕುರ್ಡುವಾಡಿ, ಪುಣೆ ದಾಟಿ ಬೆಳಗಿಗೆ ಮುಂಬಯಿ ತಲುಪಿಸುತ್ತದೆ. ನಮ್ಮ ಕಡೆಯ ಎಷ್ಟೋ ಜನ ಹೊಟ್ಟೆಪಾಡಿಗಾಗಿ ಹೋದದ್ದು ಅಲ್ಲಿಗೇ. ಆದ್ದರಿಂದ ಈ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಗೆ ಕಡಲು, ಬಂದರು, ಹಡಗು ತೋರಿಸಬೇಕೆಂದು ಹೊರಟಾಗ ನಾನೂ ನನ್ನ ಹೆಂಡತಿಯೂ ಬೇರೆ ಊರನ್ನು ಯೋಚಿಸಲಿಲ್ಲ. ಮಗಳ ಮನೆ ಡೊಂಬಿವಲಿಯಲ್ಲಿದೆ. ಮೊಮ್ಮಗಳು ಏಳನೇ ಇಯತ್ತೆ, ಮೊಮ್ಮಗ ನಾಲ್ಕನೇ ಇಯತ್ತೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ತಲೆ ಹಣ್ಣಾದವನ ಮನೆ ನಮ್ಮದು. ಮಕ್ಕಳು ಪ್ರವಾಸಕ್ಕೆ ಹೊರಟರೆ ಮೊದಲು ಅವರ ಕೈಗೆ ಬರುವುದು ಚಾಕಲೇಟ್ ಅಲ್ಲ, ಒಂದು ಸಣ್ಣ ಕ್ಯಾಷ್‌ಬುಕ್. ಎಡಗಡೆ ಜಮಾ, ಬಲಗಡೆ ಖರ್ಚು. ಇಬ್ಬರಿಗೂ ಮುನ್ನೂರು ಮುನ್ನೂರು ರೂಪಾಯಿ ಕೊಟ್ಟೆ, ಎಲ್ಲವೂ ಹತ್ತರ ನಾಣ್ಯ. ಇದಕ್ಕೊಂದು ಕಾರಣವಿದೆ. ನಮ್ಮ ಕಡೆ ಅಂಗಡಿಯವರು ಹತ್ತು ರೂಪಾಯಿ ನಾಣ್ಯ ಕಂಡರೆ ಚೇಳು ಕಂಡವರಂತೆ ಕೈ ಹಿಂದೆಗೆಯುತ್ತಾರೆ. "ಇದು ನಡಿಯಂಗಿಲ್ರಿ ಸಾಹುಕಾರ್" ಎನ್ನುತ್ತಾರೆ. ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿಯೇ, ಅಲ್ಲಿಯವರೆಗೆ ಬಂದ 14 ಮಾದರಿಯ ಹತ್ತರ ನಾಣ್ಯಗಳೂ ಚಲಾವಣೆಯಲ್ಲಿವೆ, ಎಲ್ಲರೂ ತೆಗೆದುಕೊಳ್ಳಬೇಕು ಎಂದು ಸ್ಪಷ್ಟಪಡಿಸಿದೆ. ಅದನ್ನು ಹೇಳಿದರೆ, "ರಿಸರ್ವ್ ಬ್ಯಾಂಕ್ ನಮ್ಮ ಅಂಗಡಿಗಿ ಸಾಮಾನ ತಗೋಳ್ಳಾಕ ಬರ್ತದೇನ್ರಿ?" ಎಂಬ ಉತ್ತರ ಸಿಗುತ್ತದೆ. ಹೀಗೆ ಉಳಿದುಹೋದ ನಾಣ್ಯಗಳ ಡಬ್ಬಿ ನಮ್ಮ ಮನೆಯಲ್ಲಿ ತುಂಬಿತ್ತು. ಮುಂಬಯಿಯಲ್ಲಿ ಅವು ನಡೆಯುತ್ತವೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು.

ಮುಂಬಯಿ ಯಾಕೆ ಅಷ್ಟು ದೊಡ್ಡ ಬಂದರಾಯಿತು ಎಂಬುದನ್ನು ಮಕ್ಕಳು ನಕ್ಷೆ ನೋಡಿ ತಿಳಿಯಬೇಕು. ಊರು ಬೆರಳಿನಂತೆ ದಕ್ಷಿಣಕ್ಕೆ ಚಾಚಿಕೊಂಡಿದೆ. ಪಶ್ಚಿಮಕ್ಕೆ ತೆರೆದ ಅರಬ್ಬಿ ಸಮುದ್ರ. ಪೂರ್ವಕ್ಕೆ, ಊರಿಗೂ ಒಳನಾಡಿಗೂ ನಡುವೆ, ಅಗಲವಾದ ಆಳವಾದ ನೀರು. ಮಳೆಗಾಲದ ಅಲೆಗಳನ್ನು ಊರೇ ಅಡ್ಡ ನಿಂತು ತಡೆಯುತ್ತದೆ, ಹಡಗುಗಳು ಹಿಂದೆ ನೆಮ್ಮದಿಯಾಗಿ ನಿಲ್ಲುತ್ತವೆ. ಅದಕ್ಕೇ ಚೌಪಾಟಿಯಲ್ಲಿ ನಿಂತರೆ ಸೂರ್ಯ ಮುಳುಗುವುದು ಕಾಣುತ್ತದೆ, ಗೇಟ್‌ವೇಯಲ್ಲಿ ನಿಂತರೆ ಹುಟ್ಟುವುದು. ಈ ಊರಿನ ಬೆಲೆ ಮೊದಲು ಯಾರಿಗೂ ಗೊತ್ತಿರಲಿಲ್ಲ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಇದನ್ನು ತಮ್ಮ ರಾಜಕುಮಾರಿ ಕ್ಯಾಥರೀನಳ ವರದಕ್ಷಿಣೆಯಾಗಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ರಾಜನಿಗೆ ಕೊಟ್ಟರು. ಅವನು 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟ. ಬಾಡಿಗೆ ವರ್ಷಕ್ಕೆ ಹತ್ತು ಪೌಂಡು! ಮೊಮ್ಮಗ ತಕ್ಷಣ, "ಮುತ್ಯಾ, ನಮ್ಮ ಅತ್ತಿ ಮನಿ ಬಾಡಿಗಿ ಎಷ್ಟು?" ಎಂದು ಕೇಳಿದ. ಅಳಿಯ ನಕ್ಕು ಸುಮ್ಮನಾದರು.

ಗೇಟ್‌ವೇ ಆಫ್ ಇಂಡಿಯಾ ನೋಡಲು ಬೆಳಿಗ್ಗೆಯೇ ಹೋದೆವು. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ಚಕ್ರವರ್ತಿ ಮತ್ತು ರಾಣಿ ಮೇರಿ ಬಂದಿಳಿದ ನೆನಪಿಗೆ ಕಟ್ಟಿದ್ದು ಇದು. ಆದರೆ ಅವರು ಬಂದಾಗ ಕಂಡದ್ದು ರಟ್ಟಿನ ಮಾದರಿಯನ್ನಷ್ಟೆ. ಕಲ್ಲಿನ ಕಟ್ಟಡ ಮುಗಿದು ತೆರೆದದ್ದು 1924ರಲ್ಲಿ. ಎತ್ತರ 26 ಮೀಟರು. ಸ್ವಾತಂತ್ರ್ಯ ಬಂದ ಮೇಲೆ, 1948ರ ಫೆಬ್ರುವರಿ 28ರಂದು, ಭಾರತದಿಂದ ಹೊರಟ ಬ್ರಿಟಿಷರ ಕೊನೆಯ ಸೈನ್ಯದ ತುಕಡಿ ಇದೇ ಕಮಾನಿನ ಕೆಳಗೆ ನಡೆದು ಹಡಗು ಹತ್ತಿತು. ಆಗ ನಮ್ಮ ಬೀದರವಿನ್ನೂ ನಿಜಾಮನ ಕೈಯಲ್ಲಿತ್ತು; ನಮಗೆ ಬಿಡುಗಡೆ ಸಿಕ್ಕಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಅಲ್ಲಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಹೋದರೆ ಎಲಿಫೆಂಟಾ ದ್ವೀಪ. ಬಂಡೆ ಕೊರೆದ ಗುಹೆಯಲ್ಲಿ ಮೂರು ಮುಖದ ಶಿವನ ದೊಡ್ಡ ಮೂರ್ತಿ ಎಲ್ಲರಿಗೂ ಗೊತ್ತು. ಬಾಗಿಲ ಹತ್ತಿರವೇ ಕುಣಿಯುವ ಶಿವನೂ ಇದ್ದಾನೆ, ಕೈಕಾಲು ಮುರಿದಿವೆ, ಆದರೂ ಕುಣಿತ ನಿಂತಿಲ್ಲ. ಈ ದ್ವೀಪದಲ್ಲಿದ್ದ ಕಲ್ಲಾನೆಯಿಂದಲೇ ಪೋರ್ಚುಗೀಸರು ಆ ಹೆಸರಿಟ್ಟರು. ಆ ಆನೆ ಈಗ ಬಾಯಖಳಾದ ಜೀಜಾಮಾತಾ ಉದ್ಯಾನದಲ್ಲಿದೆ.

ಹಿಂದಿರುಗುವಾಗ ದೂರದಲ್ಲಿ ಡಾಕಿನ ಕ್ರೇನುಗಳು ಕಂಡವು. ಮೊಮ್ಮಗನಿಗೆ ಚಿನ್ನದ ಕಥೆ ಹೇಳಿದೆ. 1944ರ ಏಪ್ರಿಲ್ 14ರಂದು ಇದೇ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯೂ ಇತ್ತು, ಮದ್ದುಗುಂಡೂ ಇತ್ತು, ಜೊತೆಗೆ ಚಿನ್ನದ ಗಟ್ಟಿಗಳ ಪೆಟ್ಟಿಗೆಗಳು. ಸ್ಫೋಟಕ್ಕೆ ನೂರಾರು ಜನ ಸತ್ತರು, ಬೆಂಕಿ ಆರಿಸಲು ಹೋದ 66 ಜನ ಸಿಬ್ಬಂದಿಯೂ ಉಳಿಯಲಿಲ್ಲ. ಅದಕ್ಕೇ ಇಂದಿಗೂ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಹೂಳೆತ್ತುವಾಗ ಚಿನ್ನದ ಗಟ್ಟಿ ಸಿಕ್ಕ ಉದಾಹರಣೆಗಳು ಹತ್ತಾರು ವರ್ಷಗಳ ನಂತರವೂ ಇವೆ. ಮೊಮ್ಮಗ ಉಳಿದ ದಾರಿಯೆಲ್ಲ ನೀರನ್ನೇ ನೋಡುತ್ತ ಕೂತ.

ಬೀದಿ ಆಟದವರು ಗೇಟ್‌ವೇ ಎದುರು ಸಿಕ್ಕಾರು ಎಂದುಕೊಂಡಿದ್ದೆ. ಈಗ ಅಲ್ಲಿ ಅವರು ನಿಲ್ಲುವಂತಿಲ್ಲ. 2008ರ ನವೆಂಬರ್ 26ರ ದಾಳಿಯ ನಂತರ ಬೇಲಿ, ತಪಾಸಣೆ, ಪೊಲೀಸರು. ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ನಿಂತಲ್ಲೇ ಫೋಟೊ ಕೊಡುವವರು ಮಾತ್ರ ಹಳೆಯ ಮಂದಿ. ಆಟದವರು ಸಿಗುವುದು ಊರಿನ ಒಳಗೆ, ಚಾಳುಗಳ ಗಲ್ಲಿಗಳಲ್ಲಿ, ಸ್ಟೇಶನ್ನಿನ ಹೊರಗೆ, ಸಂಜೆ ಚೌಪಾಟಿ ಮತ್ತು ಜುಹೂ ಮರಳಿನಲ್ಲಿ.

ಮರುದಿನದ ಮಾತು. ಚಹಾ ಕುಡಿಯುತ್ತಿದ್ದಾಗ ಕೆಳಗೆ ಗಲ್ಲಿಯಿಂದ ಒಂದು ಸದ್ದು ಬಂತು. ಬುರ್ರ್... ಬುರ್ರ್... ಬುರ್ರ್... ನನ್ನ ಹೆಂಡತಿ ಕಪ್ಪು ಕೆಳಗಿಟ್ಟು, "ಅಯ್ಯ, ದುರಗಮುರಗಿಯವರು!" ಎಂದಳು. ಅರವತ್ತು ವರ್ಷಗಳಿಂದ ಆ ಸದ್ದು ನಮ್ಮ ಕಿವಿಯಲ್ಲಿದೆ. ಬಗ್ಗಿ ನೋಡಿದರೆ ಅವರೇ. ಹೆಣ್ಣುಮಗಳ ತಲೆಯ ಮೇಲೆ ದೇವಿಯ ಪೆಟ್ಟಿಗೆ, ಕೊರಳಲ್ಲಿ ನಡು ಸಣ್ಣಗಿನ ಡೋಲು; ಅದರ ಚರ್ಮಕ್ಕೆ ಬಾಗಿದ ಕೋಲನ್ನು ತಿಕ್ಕಿದರೆ ಆ ಗುಡುಗು. ಗಂಡಸಿನ ಸೊಂಟಕ್ಕೆ ಬಣ್ಣಬಣ್ಣದ ಅರಿವೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ದಪ್ಪ ಹಗ್ಗದ ಬಾರಕೋಲು. ಮುಂಬಯಿಯವರು ಇವರನ್ನು ಕಡಕಲಕ್ಷ್ಮಿ ಎನ್ನುತ್ತಾರೆ.

ಬಾರಕೋಲು ಗಾಳಿಯಲ್ಲಿ ಸಿಡಿದು ಛಟ್ ಎಂದಾಗ ಮೊಮ್ಮಗ ಕಿವಿ ಮುಚ್ಚಿಕೊಂಡ. ಮಕ್ಕಳೇ, ಆ ಛಟ್ ಎಲ್ಲಿಂದ ಬರುತ್ತದೆ ಗೊತ್ತೇ? ಮೈಗೆ ಬಡಿದು ಅಲ್ಲ. ಬಾರಕೋಲು ಹಿಡಿಯ ಕಡೆ ದಪ್ಪ, ತುದಿಗೆ ಹೋದಂತೆ ತೆಳು. ಕೈ ಕೊಟ್ಟ ಬೀಸು ತೆಳುವಾದ ತುದಿಗೆ ಮುಟ್ಟುವ ಹೊತ್ತಿಗೆ ವೇಗ ಎಷ್ಟು ಹೆಚ್ಚುತ್ತದೆಂದರೆ ಅದು ಶಬ್ದದ ವೇಗವನ್ನೇ ಮೀರುತ್ತದೆ. ಯುದ್ಧವಿಮಾನ ಶಬ್ದಕ್ಕಿಂತ ವೇಗವಾಗಿ ಹಾರುವಾಗ ಆಕಾಶದಲ್ಲಿ ಸಿಡಿಲಿನಂಥ ಸದ್ದಾಗುತ್ತದಲ್ಲ, ಇದು ಅದೇ ಜಾತಿಯ ಸಣ್ಣ ಸದ್ದು. ನಮ್ಮ ದುರಗಮುರಗಿಯವರು ವಿಮಾನ ಹುಟ್ಟುವ ಮೊದಲೇ ಶಬ್ದದ ವೇಗ ದಾಟಿದ್ದರು ಎಂದು ಹೇಳಿದೆ. ಮೊಮ್ಮಗ ಕಿವಿಯಿಂದ ಕೈ ತೆಗೆದ. ಹಾಗೆಂದು ಪೆಟ್ಟು ಸುಳ್ಳಲ್ಲ. ಆ ಗಂಡಸಿನ ಬೆನ್ನಿನ ಮೇಲೆ ಗೆರೆಗಳಿದ್ದವು.

ಕೆಳಗಿಳಿದು ಹೋದೆವು. ನನ್ನ ಹೆಂಡತಿ ಮೊರದಲ್ಲಿ ಅಕ್ಕಿ ಒಯ್ದಳು. ಮುಂಬಯಿಯ ಫ್ಲಾಟಿನಲ್ಲಿ ಮೊರ ಎಲ್ಲಿಂದ ಬಂತು ಎಂದು ನನಗೂ ಆಶ್ಚರ್ಯ. ಮಗಳು ಊರಿಂದ ಒಯ್ದಿದ್ದಳಂತೆ. "ಯಾವೂರಾಯ್ತವ್ವ ನಿಮ್ಮದು?" ಎಂದು ಕೇಳಿದ್ದೇ ತಡ, ಆ ಹೆಣ್ಣುಮಗಳು ಡೋಲು ನಿಲ್ಲಿಸಿ, "ಕಲಬುರ್ಗಿ ಕಡೀರಿ ಎಕ್ಕಾ, ನೀವು?" ಎಂದಳು. ಬೀದರ ಕಡೆ ಎಂದದ್ದಕ್ಕೆ, "ಹಂಗಾರ ನಮ್ಮೋರೆ" ಎಂದು ನಕ್ಕಳು. ಆಮೇಲೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. "ಊರಾಗ ಬಾಗಿಲಿಗಿ ಹೋದ್ರ ಲಕ್ಷ್ಮಿ ಬಂದ್ಲು ಅಂತಿದ್ರು. ಇಲ್ಲಿ ಲಿಫ್ಟಿನವ ಭಿಕ್ಷದೋರು ಬಂದ್ರು ಅಂತಾನ್ರಿ."

ಎರಡು ದಿನ ಬಿಟ್ಟು ಸಂಜೆ ಗಿರ್ಗಾಂವ್ ಚೌಪಾಟಿಗೆ ಹೋದೆವು. ಭೇಳ್ ತಿಂದು, ಕಾಲು ತೋಯಿಸಿಕೊಂಡು ಬರುವಾಗ ಮರಳಿನಲ್ಲಿ ಜನ ಗುಂಪುಗೂಡಿದ್ದರು. ಕತ್ತರಿಯಂತೆ ಕಟ್ಟಿದ ಬಿದಿರು ಈ ಕಡೆ ಒಂದು ಜೊತೆ, ಆ ಕಡೆ ಒಂದು ಜೊತೆ, ನಡುವೆ ಬಿಗಿದ ಹಗ್ಗ, ನನ್ನ ತಲೆಗಿಂತ ಎತ್ತರ. ಅದರ ಮೇಲೆ ಹತ್ತೋ ಹನ್ನೊಂದೋ ವಯಸ್ಸಿನ ಹುಡುಗಿ. ತಲೆಯ ಮೇಲೆ ಮೂರು ಚೆಂಬು, ಕೈಯಲ್ಲಿ ಉದ್ದ ಗಳ. ಕೆಳಗೆ ಅವಳ ಅಪ್ಪ ಡೋಲಕ್ ಬಾರಿಸುತ್ತ ಹಗ್ಗದ ಜೊತೆಜೊತೆಗೇ ನಡೆಯುತ್ತಿದ್ದ, ಕಣ್ಣು ಅವಳ ಪಾದದ ಮೇಲೆ. ಒಮ್ಮೆ ಬರಿಗಾಲಲ್ಲಿ ದಾಟಿದಳು. ಎರಡನೇ ಸಲ ಪಾದದಡಿ ಒಂದು ತಾಟು ಇಟ್ಟುಕೊಂಡು ಜಾರಿಸುತ್ತ ದಾಟಿದಳು. ಮೂರನೇ ಸಲ ಸೈಕಲ್ ಚಕ್ರದ ರಿಮ್ಮಿನ ಮೇಲೆ ಕಾಲಿಟ್ಟು ಉರುಳಿಸುತ್ತ.

ಅಷ್ಟು ಉದ್ದದ ಗಳ ಭಾರವಾಗುವುದಿಲ್ಲವೇ ಎಂದು ಮೊಮ್ಮಗಳು ಕೇಳಿದಳು. ಆ ಭಾರವೇ ಅವಳನ್ನು ಕಾಯುತ್ತದೆ. ಕೈಯಲ್ಲಿ ಉದ್ದ ಗಳವಿದ್ದರೆ ಮೈ ಒಂದು ಬದಿಗೆ ವಾಲುವುದು ನಿಧಾನವಾಗುತ್ತದೆ, ತುದಿಗಳು ಬಾಗಿ ಭಾರ ಕೆಳಗಿಳಿಯುತ್ತದೆ. ವಾಲಿದ್ದು ತಿಳಿದು ಸರಿಪಡಿಸಿಕೊಳ್ಳಲು ಅರೆಗಳಿಗೆ ಹೆಚ್ಚು ಸಿಗುತ್ತದೆ. ಬೇಕಾದರೆ ಮನೆಯ ಅಂಗಳದಲ್ಲಿ ಸೀಮೆಸುಣ್ಣದ ಗೆರೆಯ ಮೇಲೆ ಒಂಟಿ ಕಾಲಲ್ಲಿ ನಿಂತು, ಮೊದಲು ಕೈ ಕಟ್ಟಿಕೊಂಡು, ಆಮೇಲೆ ಉದ್ದ ಕೋಲು ಹಿಡಿದು ನೋಡಿ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಶಾಸಕರು ಪಕ್ಷ ಬದಲಿಸಿದಾಗಲೆಲ್ಲ "ರಾಜಕೀಯ ದೊಂಬರಾಟ" ಎಂದು ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ದೊಂಬರಾಟದಲ್ಲಿ ಒಂದು ಹೆಜ್ಜೆ ಸುಳ್ಳಾದರೆ ಬೀಳುವವರು ಆಡುವವರೇ. ರಾಜಕೀಯದಲ್ಲಿ ಹಾಗೇನಿಲ್ಲ.

ಆಟ ಮುಗಿದ ಮೇಲೆ ಅವಳ ತಮ್ಮ, ನಾಲ್ಕೈದು ವರ್ಷದವನು, ಸ್ಟೀಲಿನ ಬಟ್ಟಲು ಹಿಡಿದು ಸುತ್ತ ಬಂದ. ಅವನು ಬರುವ ಮೊದಲೇ ಅರ್ಧ ಜನ ಕರಗಿದ್ದರು. ಆ ಕರಗುವಿಕೆ ನಾನು ಬಾಲ್ಯದಿಂದ ನೋಡಿದ್ದೇ. ಸಮುದ್ರ ದಂಡೆಯಲ್ಲೂ ಅದೇ, ಹುಮನಾಬಾದಿನ ಜಾತ್ರೆಯಲ್ಲೂ ಅದೇ. ಮೊಮ್ಮಕ್ಕಳಿಬ್ಬರೂ ಒಂದೊಂದು ನಾಣ್ಯ ಹಾಕಿದರು. ಮೊಮ್ಮಗಳು ಅಲ್ಲೇ ಮರಳಿನ ಮೇಲೆ ಕೂತು ಕ್ಯಾಷ್‌ಬುಕ್ ತೆಗೆದು ನಿಂತಳು.

"ಮುತ್ಯಾ, ಇದನ್ನ ಯಾವ ಖಾತೇಕ ಬರೀಲಿ? ದಾನಕ್ಕೋ, ತಿಕೀಟಿಗೋ?"

ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಬೇಕೆಂದು ತಿಳಿಯದ ಹಣ ಬಂದರೆ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಾರೆ. ಅಲ್ಲಿ ಬಹಳ ದಿನ ಇಡುವಂತಿಲ್ಲ, ಯಾರದೆಂದು ಹುಡುಕಿ ಸರಿಯಾದ ಖಾತೆಗೆ ವರ್ಗಾಯಿಸಬೇಕು. "ಸದ್ಯಕ್ಕ ಸಸ್ಪೆನ್ಸಿಗಿ ಹಾಕು ಅವ್ವಿ" ಎಂದೆ. ಆ ರಾತ್ರಿ ನಿದ್ದೆ ಬರುವವರೆಗೂ ಲೆಕ್ಕ ನನ್ನ ತಲೆಯಲ್ಲೇ ಇತ್ತು.

ನಾನು ಸಣ್ಣವನಿದ್ದಾಗ ನಮ್ಮ ಊರಿಗೆ ಬಹುರೂಪಿಗಳು ಬರುತ್ತಿದ್ದರು. ಒಂದು ದಿನ ಪೊಲೀಸು, ಒಂದು ದಿನ ಹನುಮಂತ, ಇನ್ನೊಂದು ದಿನ ಸಾಲ ವಸೂಲಿಗೆ ಬಂದ ಸಾಹುಕಾರ. ಕಡೆಯ ದಿನ ನಿಜರೂಪದಲ್ಲಿ ಬಂದು ಮನೆಮನೆಗೆ ಕೈಮುಗಿಯುತ್ತಿದ್ದರು. ಗೊಂಧಳಿಗರು, ಬುಡಬುಡಕಿಯವರು, ಬಸವಣ್ಣನನ್ನು ಸಿಂಗರಿಸಿ ತಲೆ ಆಡಿಸುವವರು, ದೊಂಬರು. ಆಣೆ, ಪೈಸೆ ಕೊಡುತ್ತಿದ್ದುದು ಅಪರೂಪ. ರಾಶಿ ಕಾಲಕ್ಕೆ ಕಣಕ್ಕೆ ಬಂದರೆ ಒಂದು ಮೊರ ಜೋಳ. ನಮ್ಮ ಅಪ್ಪ ಜೋಳ ಹಾಕುವಾಗ "ತಗೋರಿ, ನಿಮ್ಮ ಪಾಲು" ಎನ್ನುತ್ತಿದ್ದರು. ಪಾಲು ಎಂಬ ಮಾತನ್ನು ಗಮನಿಸಿ. ಬಡಿಗ, ಕಮ್ಮಾರ, ಕುಂಬಾರರಿಗೆ ಕೊಡುವಾಗಲೂ ಅದೇ ಮಾತು.

ಕಾನೂನು ಮಾತ್ರ ಬೇರೆ ಮಾತು ಆಡಿತು. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು, ಊರೂರು ಅಲೆಯುವ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದರು. ಏನೂ ತಪ್ಪು ಮಾಡದವರೂ ಪೊಲೀಸರ ಮುಂದೆ ಹಾಜರಿ ಹಾಕಬೇಕು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು. ಆ ಸಮುದಾಯದವರು ಇಂದಿಗೂ ಆಗಸ್ಟ್ 31ನ್ನು ತಮ್ಮ ವಿಮುಕ್ತಿಯ ದಿನವೆಂದು ಆಚರಿಸುತ್ತಾರೆ. ಇಷ್ಟಾದರೂ 1959ರಲ್ಲಿ ಮುಂಬಯಿ ರಾಜ್ಯ ಭಿಕ್ಷಾಟನೆ ತಡೆಯುವ ಕಾಯ್ದೆ ಮಾಡಿತು. ಅದರಲ್ಲಿ ಭಿಕ್ಷೆ ಎಂದರೆ ಏನು ಎಂಬ ವಿವರಣೆಯಿದೆ: ಹಾಡಿ, ಕುಣಿದು, ಭವಿಷ್ಯ ಹೇಳಿ, ಆಟ ತೋರಿಸಿ, ಸಾಮಾನು ಮಾರುವ ನೆವದಿಂದ ಸಾರ್ವಜನಿಕ ಜಾಗದಲ್ಲಿ ಹಣ ಕೇಳಿದರೂ ಅದು ಭಿಕ್ಷೆಯೇ. ವಾರಂಟ್ ಇಲ್ಲದೆ ಹಿಡಿಯಬಹುದು, ಕೋರ್ಟು ಒಂದರಿಂದ ಮೂರು ವರ್ಷ ಭಿಕ್ಷುಕರ ಕೇಂದ್ರದಲ್ಲಿ ಇಡಬಹುದು. ದೆಹಲಿಗೂ ಇದೇ ಕಾಯ್ದೆ ಅನ್ವಯವಾಗಿತ್ತು. 2018ರ ಆಗಸ್ಟಿನಲ್ಲಿ ಅಲ್ಲಿಯ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿ, ಬಡವರಾಗಿರುವುದನ್ನು ಅಪರಾಧ ಮಾಡುವಂತಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಆದರೆ ಆ ತೀರ್ಪು ದೆಹಲಿಗೆ ಮಾತ್ರ.

ಒಟ್ಟಿನಲ್ಲಿ ಕಾಯ್ದೆಯ ಪುಸ್ತಕ ನೋಡಿದರೆ ನನ್ನ ಮೊಮ್ಮಗಳು ದಾನದ ಖಾತೆಗೇ ಬರೆಯಬೇಕು. ನನಗೆ ಅದು ಒಪ್ಪಿಗೆಯಿಲ್ಲ. ಒಪ್ಪಿಗೆಯಿಲ್ಲದಿರುವುದಕ್ಕೆ ಕಾರಣ ನಮ್ಮ ಊರಿನ ಸಮೀಪದಲ್ಲೇ ಇದೆ.

ಬಸವಕಲ್ಯಾಣಕ್ಕೆ ಶಾಲೆಯಿಂದ ಟ್ರಿಪ್ ಹೋದ ಮಕ್ಕಳು ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರ ಹೆಸರು ಕಲಿತು ಬರುತ್ತಾರೆ. ಅವರ ಜೊತೆ ಹನ್ನೆರಡನೇ ಶತಮಾನದ ಆ ಕೂಟದಲ್ಲಿದ್ದ ಕೆಲವರ ಹೆಸರು ಪಠ್ಯದಲ್ಲಿ ಬರುವುದು ಕಡಿಮೆ. ಒಬ್ಬರು ಬಹುರೂಪಿ ಚೌಡಯ್ಯ. ಹೆಸರೇ ಹೇಳುವಂತೆ ವೇಷ ಹಾಕಿ ಆಡುವುದು ಅವರ ಕಾಯಕ. ಇನ್ನೊಬ್ಬರು ನಗೆಯ ಮಾರಿತಂದೆ. ಜನರನ್ನು ನಗಿಸುವುದೇ ಅವರ ಕೆಲಸ. ಮೂರನೆಯವರು ಢಕ್ಕೆಯ ಬೊಮ್ಮಣ್ಣ. ಮಾರಿಯ ಮೂರ್ತಿ ತಲೆಯ ಮೇಲೆ ಹೊತ್ತು ಢಕ್ಕೆ ಬಾರಿಸುತ್ತ ಕುಣಿಯುತ್ತಿದ್ದರು. ಡೊಂಬಿವಲಿಯ ಗಲ್ಲಿಯಲ್ಲಿ ನಾವು ಕಂಡ ಆ ತಾಯಿಯನ್ನು ನೆನಪು ಮಾಡಿಕೊಳ್ಳಿ. ಈ ಮೂವರೂ ವಚನ ಬರೆದವರು, ಮೂವರ ವಚನಗಳೂ ಉಳಿದು ಬಂದಿವೆ. ಮಂತ್ರಿಯಾಗಿದ್ದವರ ವಚನದ ಕಟ್ಟಿನಲ್ಲೇ ಬೀದಿಯಲ್ಲಿ ಕುಣಿದವರ ವಚನವೂ ಇದೆ. ಯಾರೂ ಅವರನ್ನು "ನಿಮ್ಮದು ಭಿಕ್ಷೆ, ಕಾಯಕವಲ್ಲ" ಎಂದು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ತೀರ್ಮಾನವಾದ ಲೆಕ್ಕವನ್ನು 1959ರಲ್ಲಿ ಮತ್ತೆ ತಪ್ಪು ಬರೆದರು ಎಂದೇ ನನ್ನ ಅಭಿಪ್ರಾಯ.

ಬೆಳಿಗ್ಗೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಸಸ್ಪೆನ್ಸ್‌ನಿಂದ ತೆಗೆದು "ಆಟದ ಕೂಲಿ" ಎಂಬ ಹೊಸ ತಲೆಬರಹ ಹಾಕಿ ಬರೆದಳು. ಕೆಲಸ ಮುಗಿಯಿತು ಎಂದುಕೊಂಡೆ. ಅವಳು ಪುಸ್ತಕ ಮುಚ್ಚಲಿಲ್ಲ.

"ಖರೆ ಮುತ್ಯಾ, ಆದ್ರ ಆಕಿ ನನ್ನಕಿಂತ ಸಣ್ಣಾಕಿ ಅದಾಳ. ಆಕಿ ಕೂಲಿ ಮಾಡ್ಬಹುದೇನು?"

ಈ ಪ್ರಶ್ನೆಗೆ ಕಲ್ಯಾಣದ ಉದಾಹರಣೆ ಸಾಲದು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು ಎಂಬ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು, 14 ವರ್ಷದ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕೆಲಸಕ್ಕೆ ಕೈಗೂಡಿಸಬಹುದು, ಅಪಾಯದ ಕೆಲಸವಾಗಿರಬಾರದು. ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ಷರತ್ತುಗಳ ಮೇಲೆ ಪಾತ್ರ ಮಾಡಬಹುದು. ಸರ್ಕಸ್ಸಿನಲ್ಲಿ ಕೂಡದು. ಟಿ.ವಿ.ಯ ಮಗುವಿಗೆ ಕಾಯ್ದೆಯಲ್ಲಿ ಒಂದು ಬಾಗಿಲಿದೆ, ಚೌಪಾಟಿಯ ಮಗುವಿಗೆ ಇಲ್ಲ ಎಂದು ಗೊಣಗುವವರಿದ್ದಾರೆ. ಆದರೂ ನನ್ನ ತಲೆಗಿಂತ ಎತ್ತರದ ಹಗ್ಗವನ್ನು, ಕೆಳಗೆ ಬಲೆಯಿಲ್ಲದೆ ನಡೆಯುವುದನ್ನು, ಅಪಾಯವಿಲ್ಲದ ಕೆಲಸ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಭಾನುವಾರ ಸಂಜೆ ಮತ್ತೆ ಚೌಪಾಟಿಗೆ ಹೋದೆವು, ಮೊಮ್ಮಗಳ ಹಠದಿಂದ. ಆಟ ಶುರುವಾಗಲು ಹೊತ್ತಿತ್ತು. ಹುಡುಗಿ ಮರಳಿನಲ್ಲಿ ಕೂತು ಐಸ್‌ಗೋಲಾ ತಿನ್ನುತ್ತಿದ್ದಳು, ಅಪ್ಪ ಹಗ್ಗದ ಗಂಟು ಎಳೆದು ನೋಡುತ್ತಿದ್ದ. ಸೋಲಾಪುರದ ಕಡೆಯವನು. ನನಗೆ ಬರುವ ದಖನಿಯಲ್ಲೂ ಮರಾಠಿಯಲ್ಲೂ ಮಾತಾಡಿಸಿದೆ. ಹುಡುಗಿ ಶಾಲೆಗೆ ಹೋಗುತ್ತಾಳೆಯೇ ಎಂದು ಕೇಳಿದೆ. ಹೋಗುತ್ತಾಳೆ, ಐದನೇ ಇಯತ್ತೆ, ಜೂನಿನಲ್ಲಿ ಶಾಲೆ ತೆರೆದರೆ ಊರಲ್ಲಿ ಅಜ್ಜಿಯ ಹತ್ತಿರ ಇರುತ್ತಾಳೆ ಎಂದ.

"ಆಗ ಹಗ್ಗದ ಮೇಲೆ ಯಾರು?"

"ನಾನೇ. ಹೆಂಡತಿ ಡೋಲಕ್ ಹಿಡಿಯುತ್ತಾಳೆ."

"ಹಾಗಾದರೆ ಈಗಲೂ ನೀನೇ ಹತ್ತಬಹುದಲ್ಲಪ್ಪ?"

ಅವನು ಗಂಟು ಬಿಟ್ಟು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. "ಹತ್ತುತ್ತೇನೆ ಕಾಕಾ. ನನಗೆ ಅವಳಿಗಿಂತ ಚೆನ್ನಾಗಿ ಬರುತ್ತದೆ, ಅವಳಿಗೆ ಕಲಿಸಿದ್ದೇ ನಾನು. ಆದರೆ ನಾನು ಹತ್ತಿದರೆ ಜನ ನಿಲ್ಲುವುದಿಲ್ಲ."

ಸುಳ್ಳಲ್ಲ. ಮೊದಲ ದಿನ ನಮ್ಮನ್ನೂ ಆ ಗುಂಪಿನೊಳಗೆ ನಿಲ್ಲಿಸಿದ್ದು ಹುಡುಗಿಯ ಸಣ್ಣ ಪಾದಗಳೇ. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತ ನೀವೇ ಹತ್ರಿ ಕಾಕಾ" ಎಂದು ತನ್ನ ಕನ್ನಡದಲ್ಲೇ ಹೇಳಿ, ಮುಷ್ಟಿಯಲ್ಲಿದ್ದ ಐದು ನಾಣ್ಯ ತೋರಿಸಿದಳು. ಸೋಲಾಪುರದವರಿಗೆ ಕನ್ನಡ ಹೇಳಿಕೊಡಬೇಕಾಗಿಲ್ಲ. ಅವನು ನಕ್ಕು ಬಿಟ್ಟು ಚಪ್ಪಲಿ ಕಳಚಿದ. ಮಗಳು ಡೋಲಕ್ ತೆಗೆದುಕೊಂಡಳು. ಅವಳ ಕೈಯೂ ಒಳ್ಳೆಯ ಕೈ. ಗಳ ಹಿಡಿಯದೆ, ಎರಡು ಕೈ ಬೀಸಿಕೊಂಡು, ಹಗ್ಗದ ನಡುವೆ ಕೂತು, ಎದ್ದು, ಹಿಂದಕ್ಕೆ ನಡೆದ. ಅಷ್ಟು ಚೆಂದದ ಆಟ ನಾನು ನನ್ನ ವಯಸ್ಸಿನಲ್ಲಿ ನೋಡಿರಲಿಲ್ಲ. ನೋಡಲು ನಾವು ಆರು ಜನ, ಒಬ್ಬ ಬಲೂನಿನವನು, ಮತ್ತೊಂದು ಸಂಸಾರ ಅರ್ಧಕ್ಕೆ ಬಂದು ಅರ್ಧಕ್ಕೆ ಹೋಯಿತು. ಐವತ್ತರ ಜೊತೆ ಅಳಿಯ ಫೋನಿನಲ್ಲಿ ನೂರು ಕಳಿಸಿದರು. ಡೋಲಕ್ಕಿನ ಪಕ್ಕಕ್ಕೇ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದರು. ನಾವು ಹೊರಟು ರಸ್ತೆ ದಾಟುವಾಗ ಹಿಂತಿರುಗಿ ನೋಡಿದರೆ ಹುಡುಗಿ ಮತ್ತೆ ಹಗ್ಗದ ಮೇಲಿದ್ದಳು, ಸುತ್ತ ಗುಂಪು ದಟ್ಟವಾಗಿತ್ತು.

ಬೀದಿ ಆಟ ಬದಲಾಗದ್ದೇನಲ್ಲ. ನನ್ನ ಕಾಲದಲ್ಲಿ ಖಲಂದರರು ಮೂಗುದಾರ ಹಾಕಿದ ಕರಡಿ ತರುತ್ತಿದ್ದರು. ಮಕ್ಕಳ ಮೈಗೆ ಕರಡಿಯ ಕೂದಲಿನ ತಾಯತ ಕಟ್ಟಿಸುತ್ತಿದ್ದೆವು. ಅದು ಕರಡಿಗೆ ಎಂಥ ನರಕ ಎಂದು ತಿಳಿದ ಮೇಲೆ ನಿಂತಿತು. ಬೀದಿಯಲ್ಲಿ ಉಳಿದಿದ್ದ ಕಡೆಯ ಕರಡಿ 2009ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ಬನ್ನೇರುಘಟ್ಟದ ಆಶ್ರಯಕ್ಕೆ ಸೇರಿತು. ಕರಡಿ ಬಿಟ್ಟವರಲ್ಲಿ ಅನೇಕರಿಗೆ ಬೇರೆ ಕಸುಬು ಹಿಡಿಯಲು ಸಹಾಯಧನ ಕೊಟ್ಟು, ಮಕ್ಕಳನ್ನು ಶಾಲೆಗೆ ಹಾಕಿಸಿದರು. ಮುಂಬಯಿಯಲ್ಲೇ 2012ರ ಸುಮಾರಿಗೆ ಒಂದು ಸಂಸ್ಥೆ ರೈಲ್ವೆಯ ಅನುಮತಿ ಪಡೆದು ಚರ್ಚ್‌ಗೇಟ್‌ನಂಥ ದೊಡ್ಡ ಸ್ಟೇಶನ್ನುಗಳಲ್ಲಿ ಬೀದಿ ಸಂಗೀತಗಾರರನ್ನು ಕೂರಿಸಿ ಹಾಡಿಸಿತ್ತು. ಲೋಕಲ್ ಹಿಡಿಯಲು ಓಡುವ ಊರಿನಲ್ಲಿ ಜನ ನಿಂತು ಕೇಳಿದರು. ಗುರುತಿನ ಚೀಟಿ, ನಿಂತು ಆಡಲು ಒಂದು ಜಾಗ, ದೊಡ್ಡವರ ಆಟಕ್ಕೆ ಸರಿಯಾದ ಕೂಲಿ: ಕಡಲ ದಂಡೆಯಲ್ಲಿ ಇದಕ್ಕೆ ಬಹಳ ಖರ್ಚಾಗುವುದಿಲ್ಲ. ನಮ್ಮ ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಅದರ ಅಂಗಳದಲ್ಲಿ ಬಹುರೂಪಿಗಳಿಗೂ ಢಕ್ಕೆಯವರಿಗೂ ವಾರಕ್ಕೊಂದು ಸಂಜೆ ಬಿಟ್ಟುಕೊಟ್ಟರೆ ಚೌಡಯ್ಯನವರ ಮನೆಯವರಿಗೆ ಮನೆ ಸಿಕ್ಕಂತೆ.

ಹೋಗುವವರಿಗೆ ಎರಡು ಮಾತು. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಮೆಟ್ಟಿಲು ನೂರಕ್ಕೂ ಹೆಚ್ಚು. ಮಂಡಿನೋವಿನ ಅಜ್ಜ ಅಜ್ಜಿಯರು ಬೆಳಗಿನ ತಂಪಿನಲ್ಲಿ ಹತ್ತಿ, ಮಂಗಗಳ ಎದುರು ತಿಂಡಿ ಪೊಟ್ಟಣ ಬಿಚ್ಚಬೇಡಿ. ಮಳೆಗಾಲ ಹಿಡಿದ ಮೇಲೆ ಗೇಟ್‌ವೇಯ ದೋಣಿಗಳ ಭರವಸೆ ಇಲ್ಲ, ಆದ್ದರಿಂದ ಮೇ ತಿಂಗಳ ಒಳಗೇ ಹೋಗಿ ಬನ್ನಿ. ಚೌಪಾಟಿಗೆ ಸಂಜೆ ಐದೂವರೆಯ ಮೇಲೆ. ಹಗ್ಗದ ಮೇಲೆ ದೊಡ್ಡವರು ಹತ್ತಿದ್ದರೆ ಬಟ್ಟಲು ಬರುವವರೆಗೆ ನಿಲ್ಲಿ. ಚಿಲ್ಲರೆ ಮನೆಯಿಂದಲೇ ಒಯ್ಯಿರಿ. ಹತ್ತರ ನಾಣ್ಯ ಅಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಾರೆ.